ತರಕಾರಿ ಹಿತ್ತಿಲಿಗೆ ಬಿದಿರು ಬೇಲಿ: ಯಾವ ಬಗೆ ಯಾರಿಗೆ?

ಮಳೆ ಹಿಂದೆ ಸರಿದು ಬದನೆ, ಬೆಂಡೆ, ಹರಿವೆಗೆ ಮಡಿ ಮಾಡುವ ಹೊತ್ತಿಗೆ ಬೇಲಿಯ ಮಾತು ಶುರುವಾಗುತ್ತದೆ. "ಮನೆ ಹಿಂದೆ ಬಿದಿರು ಮೆಳೆ ಇದೆ, ಅದರಲ್ಲೇ ಬೇಲಿ ಕಟ್ಟಲಾ, ಇಲ್ಲಾ ಸುಮ್ನೆ ಬಲೆ ತಂದು ಸುತ್ತಲಾ?" "ಅಡ್ಡ ಗಳ ಸಾಕಾ, ದಬ್ಬೆ ನಿಲ್ಲಿಸಬೇಕಾ?" "ಚೈನ್‌ಲಿಂಕ್ ಹಾಕಿಬಿಟ್ಟರೆ ತಲೆನೋವು ಮುಗಿಯುತ್ತಾ?" ಓದುಗರು ಕೇಳುವುದು ಹೆಚ್ಚುಕಡಿಮೆ ಇವನ್ನೇ. (ಗಳ ಅಂದರೆ ಉದ್ದದ ಇಡೀ ಬಿದಿರು, ದಬ್ಬೆ ಅಂದರೆ ಸೀಳಿದ ಪಟ್ಟಿ, ಚೈನ್‌ಲಿಂಕ್ ಅಂದರೆ ಹೆಣೆದ ತಂತಿ ಜಾಳಿಗೆ.) ಉತ್ತರ ಮನೆಯಿಂದ ಮನೆಗೆ ಬದಲಾಗುತ್ತದೆ. ಆದರೆ ಉತ್ತರ ಹುಡುಕುವ ದಾರಿ ಎಲ್ಲರಿಗೂ ಒಂದೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾತು ಮಲೆನಾಡು, ಕರಾವಳಿ ಕಡೆಯ ಹಿತ್ತಿಲುಗಳದ್ದೇ ಜಾಸ್ತಿ. ಬಯಲುಸೀಮೆಯವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಹೋಲಿಸಬೇಕಾದರೆ ಅಳತೆ ಒಂದೇ ಇರಬೇಕು. ಹಾಗಾಗಿ 30 ಅಡಿ ಉದ್ದ, 20 ಅಡಿ ಅಗಲದ ಒಂದು ಹಿತ್ತಿಲು ಇಟ್ಟುಕೊಳ್ಳೋಣ. ಸುತ್ತಳತೆ 100 ಅಡಿ. ಬೇಲಿಯ ಎತ್ತರ 4 ಅಡಿ. ಸಿಗುವ ಗಳ 20 ಅಡಿ ಉದ್ದ, ಸುಮಾರು 3 ಇಂಚು ದಪ್ಪ ಅಂತಿಟ್ಟುಕೊಳ್ಳಿ. ಗಳದ ಬೆಲೆ ಊರಿಂದ ಊರಿಗೆ ಬೇರೆ. ನಾನು ಗಳ ಎಷ್ಟು ಬೇಕು ಅಂತ ಹೇಳುತ್ತೇನೆ, ನಿಮ್ಮೂರಿನ ದರದಿಂದ ನೀವು ಗುಣಿಸಿಕೊಳ್ಳಿ.

ಮೊದಲು ಕಳ್ಳ ಯಾರು ಅಂತ ನೋಡಿ

ಯಾವ ಬೇಲಿ ಚೆಂದ, ಯಾವುದು ಅಗ್ಗ ಅನ್ನುವುದೆಲ್ಲ ಆಮೇಲೆ. ನಿಮ್ಮ ತರಕಾರಿಗೆ ಬಾಯಿ ಹಾಕುವುದು ಯಾವ ಪ್ರಾಣಿ ಅನ್ನುವುದು ಮೊದಲು.

ದನ ಬೇಲಿಯನ್ನು ಹಾರುವುದು ಕಡಿಮೆ, ನೂಕುವುದು ಜಾಸ್ತಿ. ಆಚೆ ಹಸಿರು ಕಂಡರೆ ಕತ್ತು ಚಾಚಿ ಎದೆ ಒತ್ತುತ್ತದೆ. ಅದಕ್ಕೆ ಗೂಟ ಗಟ್ಟಿ ಇರಬೇಕು. ನಡುವೆ ಒಂದಡಿ ಸಂದಿ ಇದ್ದರೂ ನಡೆಯುತ್ತದೆ. ಆಡು ಹಾಗಲ್ಲ. ಅದು ಕಾಲಿಡಲು ಜಾಗ ಹುಡುಕುತ್ತದೆ. ಅಡ್ಡ ಗಳದ ಬೇಲಿ ಕಟ್ಟಿದರೆ ಆಡಿಗೆ ನೀವೇ ಏಣಿ ಇಟ್ಟುಕೊಟ್ಟ ಹಾಗೆ. ಆಡಿರುವ ಕಡೆ ದಬ್ಬೆ ನಿಂತಿರಬೇಕು, ಸಂದಿ 3 ಇಂಚಿನ ಒಳಗಿರಬೇಕು.

ಕೋಳಿಗೆ 2 ಇಂಚು ಸಂದಿ ಸಾಕಷ್ಟು ತಡೆ. ಮರಿಗಳು ಮಾತ್ರ ನುಗ್ಗುತ್ತವೆ. ದೊಡ್ಡ ಕೋಳಿ ಹಾರಿ ಬೇಲಿಯ ನೆತ್ತಿಯ ಮೇಲೆ ಕೂತು, ಅಲ್ಲಿಂದ ಒಳಗೆ ಧುಮುಕುತ್ತದೆ. ಹಾಗಾಗಿ ಮೇಲಿನ ಅಡ್ಡಪಟ್ಟಿಯನ್ನು ತುದಿಗಿಂತ ಅರ್ಧ ಅಡಿ ಕೆಳಗೆ ಕಟ್ಟಿ, ದಬ್ಬೆಯ ತುದಿ ಚೂಪು ಮಾಡಿ ಬಿಡಬೇಕು. ಕೂರಲು ಜಾಗ ಸಿಗದಿದ್ದರೆ ಕೋಳಿ ಹಾರುವ ಯೋಚನೆ ಬಿಡುತ್ತದೆ. ಮೊಲಕ್ಕೆ ಕೆಳಗಿನ ಎರಡು ಅಡಿ ಬಿಗಿ ಇದ್ದರೆ ಸಾಕು, ಮೇಲೆ ಏನಿದ್ದರೂ ಅದಕ್ಕೆ ಸಂಬಂಧವಿಲ್ಲ. ಪೇಟೆಯ ಸೈಟಿನಲ್ಲಿ ತರಕಾರಿ ಮಾಡುವವರಿಗೆ ಬೀದಿನಾಯಿ ಮತ್ತು ಬೀಡಾಡಿ ದನದ ಕಾಟವಷ್ಟೆ. ಅವೆರಡಕ್ಕೂ ಬಿದಿರು ಧಾರಾಳ ಸಾಕು.

ಇನ್ನು ಬಿದಿರು ಬೇಲಿ ಕೈಲಾಗದ ಕೆಲಸಗಳೂ ಇವೆ. ಕಾಡುಹಂದಿ ಮೂತಿಯನ್ನು ಬೇಲಿಯ ಅಡಿಗೆ ಕೊಟ್ಟು ಎತ್ತುತ್ತದೆ. ಮನೆಯಲ್ಲಿ ಕಟ್ಟುವ ದಬ್ಬೆ ಬೇಲಿ ಅದಕ್ಕೆ ತಡೆಯೇ ಅಲ್ಲ. ಮುಳ್ಳುಹಂದಿ, ಹೆಗ್ಗಣ ನೆಲ ತೋಡಿ ಬರುತ್ತವೆ. ಮಂಗ ಹತ್ತುತ್ತದೆ, ನವಿಲು ಹಾರುತ್ತದೆ, ಕಡವೆಗೆ 4 ಅಡಿ ಲೆಕ್ಕಕ್ಕೇ ಇಲ್ಲ. ನಿಮ್ಮ ಕಾಟ ಇವುಗಳದ್ದೇ ಆಗಿದ್ದರೆ ಬಿದಿರಿಗೆ ದುಡ್ಡು, ಶ್ರಮ ಹಾಕುವ ಮೊದಲು ಯೋಚಿಸಿ. ಹಂದಿಗೆ ಹಳೆ ಸೀರೆ ಸುತ್ತುವ ರೂಢಿ ಇದೆ. ಸ್ವಲ್ಪ ದಿನ ಹೆದರುತ್ತವೆ, ಆಮೇಲೆ ಅಭ್ಯಾಸವಾಗುತ್ತದೆ. ಬೇಲಿಗೆ ನೇರ ಕರೆಂಟ್ ಕೊಡುವ ಮಾತಂತೂ ಬೇಡವೇ ಬೇಡ. ಅದು ಅಪರಾಧ, ಮನೆಯವರ ಜೀವಕ್ಕೇ ಕುತ್ತು. ಝಟಕಾ ಕೊಟ್ಟು ಬಿಡುವ ಸೋಲಾರ್ ಬೇಲಿ ಬೇರೆ ವಿಷಯ. ಅದು ಎಕರೆಗಟ್ಟಲೆ ತೋಟಕ್ಕೆ ಸರಿ, ನಾಲ್ಕು ಮಡಿ ಬೆಂಡೆಗೆ ಅತಿಯಾಯಿತು.

ಗೂಟದ ಲೆಕ್ಕ

ಬಿದಿರು ಬೇಲಿ ಎಲ್ಲಿ ಸೋಲುತ್ತದೆ ಗೊತ್ತಾ? ನೆಲದ ಮಟ್ಟದಲ್ಲಿ. ಮೇಲಿನ ದಬ್ಬೆ ಇನ್ನೂ ಗಟ್ಟಿ ಇರುತ್ತದೆ, ಗೂಟ ಮಣ್ಣಿನ ಹತ್ತಿರ ಕುಂಬಾಗಿ ಇಡೀ ಬೇಲಿ ಒಂದು ಕಡೆಗೆ ವಾಲುತ್ತದೆ. ಏನೂ ಉಪಚಾರ ಮಾಡದ ಬಿದಿರು ಮಣ್ಣಿನಲ್ಲಿ ಬಾಳುವುದು 1ರಿಂದ 3 ವರ್ಷ. ಮಲೆನಾಡಿನ ಮಳೆಗೆ ಒಂದೂವರೆ ವರ್ಷ ಅಂದುಕೊಳ್ಳುವುದು ಕ್ಷೇಮ. ಬಯಲುಸೀಮೆಯಲ್ಲಿ ಕೊಳೆಯುವುದು ನಿಧಾನ, ಆದರೆ ಅಲ್ಲಿ ಗೆದ್ದಲು ಕಾಯುತ್ತಿರುತ್ತದೆ. ನೆಲ ಮುಟ್ಟದ ದಬ್ಬೆ ಮಳೆಯಲ್ಲಿ ನೆನೆದರೂ ಮೂರ್ನಾಲ್ಕು ವರ್ಷ ಬರುತ್ತದೆ. ಅಂದರೆ ಬೇಲಿಯ ಬಗೆ ಯಾವುದೇ ಇರಲಿ, ಅದರ ಆಯುಷ್ಯ ತೀರ್ಮಾನ ಮಾಡುವುದು ಗೂಟ. ಹೆಚ್ಚಿನವರು ದಬ್ಬೆಯ ಚೆಂದದ ಬಗ್ಗೆ ತಲೆ ಕೆಡಿಸಿಕೊಂಡು, ಗೂಟಕ್ಕೆ ಕೈಗೆ ಸಿಕ್ಕ ತುಂಡು ಹುಗಿಯುತ್ತಾರೆ.

ಗೂಟಕ್ಕೆ ನಾಲ್ಕು ದಾರಿಗಳಿವೆ.

ಒಂದು, ಬಿದಿರಿನದ್ದೇ ಗೂಟ. ತೀರಾ ಅಗ್ಗ, ಬೇಗ ಮುಗಿಯುವ ಕೆಲಸ. ಬುಡದ ಕಡೆಯ ದಪ್ಪ ಗೋಡೆಯ ತುಂಡನ್ನೇ ಆರಿಸಿ. ಒಂದೂವರೆ ಅಡಿ ಹುಗಿದು, ಸುತ್ತ ಕಲ್ಲು ಜಡಿದು ಮಣ್ಣು ತುಂಬಿ. ಮೇಲ್ತುದಿಯನ್ನು ಗಂಟಿನ ಸ್ವಲ್ಪ ಮೇಲೆ ಕೊಯ್ಯಬೇಕು. ಗಂಟುಗಳ ನಡುವೆ ಕೊಯ್ದರೆ ಪೊಳ್ಳಿನಲ್ಲಿ ಮಳೆನೀರು ನಿಂತು ಗೂಟ ಬೇಗ ಕೊಳೆಯುತ್ತದೆ, ಜೊತೆಗೆ ಡೆಂಗ್ಯೂ ಸೊಳ್ಳೆ ಸಾಕಿದ ಹಾಗಾಗುತ್ತದೆ. ಹುಗಿಯುವ ಭಾಗವನ್ನು ಬೆಂಕಿಯಲ್ಲಿ ಸುಡುವವರಿದ್ದಾರೆ. ಸ್ವಲ್ಪ ಉಪಯೋಗವಾಗುತ್ತದೆ, ದೊಡ್ಡದೇನೂ ಅಲ್ಲ. ವರ್ಷ ಬಿಟ್ಟು ವರ್ಷ ಗೂಟ ಬದಲಿಸುವ ಮನಸ್ಸಿದ್ದವರಿಗೆ ಇದು ಸರಿ.

ಎರಡು, ಕಬ್ಬಿಣದ ಸರಳಿನ ಮೇಲೆ ಬಿದಿರು. ಮೂರಡಿ ಉದ್ದದ 12 ಎಂಎಂ ಸರಳನ್ನು ಅರ್ಧ ನೆಲಕ್ಕೆ ಹೊಡೆಯಿರಿ. ಬಿದಿರಿನ ಕೆಳಗಿನ ಒಂದೆರಡು ಗಂಟಿನ ಒಳತಡೆಯನ್ನು ಒಡೆದು ಸರಳಿನ ಮೇಲೆ ತೂರಿಸಿ. ಬಿದಿರಿನ ಕಾಲಡಿಗೆ ಚಪ್ಪಟೆ ಕಲ್ಲಿಡಿ. ಸಂದಿಗೆ ಬೆಣೆ ಹೊಡೆದರೆ ಅಲ್ಲಾಡುವುದಿಲ್ಲ. ಬಿದಿರು ಮಣ್ಣು ಮುಟ್ಟುವುದೇ ಇಲ್ಲ, ಹಾಗಾಗಿ ಆಯುಷ್ಯ ದಬ್ಬೆಯಷ್ಟೇ ಆಗುತ್ತದೆ. ದನ ಎದೆಕೊಡುವ ಕಡೆ ಮಾತ್ರ ಇದು ಬೇಡ, ಸರಳು ಬಾಗುತ್ತದೆ. ಪೇಟೆಯ ಹಿತ್ತಿಲಿಗೆ, ಗಟ್ಟಿ ನೆಲಕ್ಕೆ ಒಳ್ಳೆಯದು.

ಮೂರು, ಜೀವದ ಗೂಟ. ಗ್ಲಿರಿಸಿಡಿಯಾ, ಅಂದರೆ ನಮ್ಮ ಗೊಬ್ಬರ ಗಿಡ, ಇಲ್ಲವೇ ಹಾಲುವಾಣ. ಮುಂಗೈ ದಪ್ಪದ, ಆರಡಿಯ ಕೋಲನ್ನು ಮೊದಲ ಮಳೆಗೆ ನೆಟ್ಟರೆ ಚಿಗುರುತ್ತದೆ. ಎಲ್ಲವೂ ಬದುಕುವುದಿಲ್ಲ, ನಾಲ್ಕು ಜಾಸ್ತಿಯೇ ನೆಡಿ. ಮೊದಲ ವರ್ಷ ಇದಕ್ಕೆ ಬಲವಿಲ್ಲ. ಹಾಗಾಗಿ ಬಿದಿರು ಗೂಟ ಹಾಕಿಯೇ ಬೇಲಿ ಕಟ್ಟಿ, ಪಕ್ಕದಲ್ಲಿ ಇದನ್ನು ನೆಡುವುದು. ಬಿದಿರು ಕುಂಬಾಗುವ ಹೊತ್ತಿಗೆ ಗಿಡ ಬೇರು ಬಿಟ್ಟು ಬೇಲಿಯನ್ನು ಹೊತ್ತುಕೊಳ್ಳುತ್ತದೆ. ನನಗೆ ಎಲ್ಲದಕ್ಕಿಂತ ಇಷ್ಟದ ವ್ಯವಸ್ಥೆ ಇದು. ಸೊಪ್ಪು ಮಡಿಗೇ ಗೊಬ್ಬರ. ಬೆಲೆ ತೆರಬೇಕಾದದ್ದೂ ಇದೆ. ವರ್ಷಕ್ಕೆ ಎರಡು ಮೂರು ಸಲ ಸವರದಿದ್ದರೆ ತರಕಾರಿಗೆ ನೆರಳು. ಗಿಡಕ್ಕೆ ತಂತಿ ಬಿಗಿದರೆ ಅದು ತೊಗಟೆಯೊಳಗೆ ಹೂತುಹೋಗುತ್ತದೆ, ಹಾಗಾಗಿ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ ವರ್ಷಕ್ಕೊಮ್ಮೆ ಸಡಿಲಿಸಬೇಕು. ಆಡಿರುವ ಮನೆಯಲ್ಲಿ ಎಳೆ ಚಿಗುರು ಉಳಿಯುವುದೂ ಕಷ್ಟ.

ನಾಲ್ಕು, ಕಲ್ಲುಕಂಬ ಅಥವಾ ಸಿಮೆಂಟ್ ಕಂಬ. ಒಮ್ಮೆ ಖರ್ಚು, ಆಮೇಲೆ ಆ ಚಿಂತೆ ಇಲ್ಲ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬ ಹತ್ತಿರದಲ್ಲೇ ಸಿಗುತ್ತದೆ. ಘಟ್ಟದ ಕೆಳಗೆ ತರಿಸಿದರೆ ಕಂಬಕ್ಕಿಂತ ಲಾರಿ ಬಾಡಿಗೆ ಜಾಸ್ತಿಯಾದೀತು. ಎಲ್ಲ ಗೂಟವೂ ಕಲ್ಲಿನದ್ದೇ ಆಗಬೇಕಿಲ್ಲ. ನಾಲ್ಕು ಮೂಲೆ ಮತ್ತು ಬಾಗಿಲಿನ ಎರಡು ಬದಿ ಕಲ್ಲಾಗಿ, ನಡುವಿನದ್ದು ಬಿದಿರಾದರೆ ಖರ್ಚು ಇಳಿಯುತ್ತದೆ, ಬೇಲಿ ವಾಲುವುದೂ ಇಲ್ಲ.

ಆರು ಅಡಿಗೆ ಒಂದು ಗೂಟದಂತೆ ನಮ್ಮ ಹಿತ್ತಿಲಿಗೆ ಬಾಗಿಲಿನದ್ದೂ ಸೇರಿ 18 ಗೂಟ ಬೇಕು. ಒಂದು ಗಳದ ಬುಡದಿಂದ ಎರಡು ಒಳ್ಳೆಯ ಗೂಟ ಬರುತ್ತವೆ, ತುದಿಯ ಎಂಟಡಿ ತೆಳು ಭಾಗ ಅಡ್ಡಪಟ್ಟಿಗಾಗುತ್ತದೆ. ಅಂದರೆ ಗೂಟಕ್ಕೇ 9 ಗಳ. ಮುಂದೆ ಹೇಳುವ ಎಲ್ಲ ಲೆಕ್ಕದಲ್ಲೂ ಈ 9 ಸೇರಿದೆ.

ಅಡ್ಡ ಗಳದ ಬೇಲಿ

ಗೂಟದಿಂದ ಗೂಟಕ್ಕೆ ನಾಲ್ಕು ಸಾಲು ಗಳ ಅಡ್ಡಲಾಗಿ ಕಟ್ಟುವುದು. ಇಡಿ ಗಳವಾದರೆ ಒಟ್ಟು 26ರ ಸುಮಾರು, ಎರಡಾಗಿ ಸೀಳಿ ಕಟ್ಟಿದರೆ 18ರ ಒಳಗೆ. ಎರಡು ಜನ ಒಂದು ದಿನದಲ್ಲಿ ಮುಗಿಸಬಹುದು. ಗಾಳಿ ಸಲೀಸಾಗಿ ಹಾಯುತ್ತದೆ, ನೆರಳಿಲ್ಲ. ದನ ಬಿಟ್ಟರೆ ಮತ್ತೆ ಯಾವುದನ್ನೂ ಇದು ತಡೆಯುವುದಿಲ್ಲ. ಮನೆಯ ಸುತ್ತ ಕೋಳಿ, ಆಡು ಇಲ್ಲದೆ, ಬರೀ ಮೇಯುವ ದನದ ತೊಂದರೆ ಇದ್ದರೆ ಇದೇ ಸಾಕು. ಸೀಳಿದ ಗಳ ಬಳಸುವುದಾದರೆ ಪೊಳ್ಳು ಬದಿ ಕೆಳಗೆ ಮುಖ ಮಾಡಿರಲಿ. ಇಲ್ಲದಿದ್ದರೆ ಅದು ನೀರು ಹಿಡಿಯುವ ದೋಣಿಯಾಗುತ್ತದೆ.

ನಿಂತ ದಬ್ಬೆಯ ಬೇಲಿ

ತರಕಾರಿ ಹಿತ್ತಿಲಿಗೆ ಹೆಚ್ಚಿನ ಮನೆಗಳಲ್ಲಿ ಹೊಂದುವುದು ಇದು. ಎರಡು ಸಾಲು ಅಡ್ಡಪಟ್ಟಿ, ಅದಕ್ಕೆ ನೆಟ್ಟಗೆ ದಬ್ಬೆಗಳು. ದಬ್ಬೆ 2 ಇಂಚು ಅಗಲ, ಸಂದಿ 2 ಇಂಚು ಅಂದರೆ ಅಡಿಗೆ ಮೂರರಂತೆ 300 ದಬ್ಬೆ. ಒಂದು ಗಳವನ್ನು ನಾಲ್ಕೂವರೆ ಅಡಿಯ ನಾಲ್ಕು ತುಂಡು ಮಾಡಿ, ಪ್ರತಿ ತುಂಡನ್ನು ನಾಲ್ಕಾಗಿ ಸೀಳಿದರೆ 16 ದಬ್ಬೆ. ದಬ್ಬೆಗೆ 19, ಗೂಟಕ್ಕೆ 9, ಅಡ್ಡಪಟ್ಟಿಗೆ ತುದಿಗಳ ಜೊತೆ ಇನ್ನೆರಡು. ಒಟ್ಟು 30 ಗಳ.

ಕೋಳಿ, ಆಡು, ನಾಯಿ, ದನ ನಾಲ್ಕಕ್ಕೂ ಇದು ತಡೆ. ಮೊಲವೂ ಇದ್ದರೆ ಕೆಳಗಿನ ಎರಡು ಅಡಿಗೆ ಸಂದಿಯಲ್ಲಿ ಗಿಡ್ಡ ದಬ್ಬೆ ಸೇರಿಸಿ ಬಿಗಿ ಮಾಡಿ. ಮೇಲಿನವರೆಗೂ ಬಿಗಿ ಮಾಡಿ ಬಿದಿರು ಹಾಳು ಮಾಡಬೇಕಾಗಿಲ್ಲ. ದಬ್ಬೆಯ ಕಾಲು ಮಣ್ಣು ಮುಟ್ಟಬಾರದು, ಒಂದು ಇಂಚು ಮೇಲಿರಲಿ. ಕೋಳಿ ಕೆರೆದು ಸಂದು ಮಾಡಿದರೆ ಅಲ್ಲಿಗೆ ಒಂದು ಸಾಲು ಕಲ್ಲು ಜೋಡಿಸಿ.

ಖರ್ಚು ಅಂದರೆ ಇಲ್ಲಿ ಸಮಯ. ಸೀಳುವುದು, ಗಂಟು ಕೆತ್ತುವುದು, ಮುನ್ನೂರು ದಬ್ಬೆಯನ್ನು ಎರಡೆರಡು ಕಡೆ ಕಟ್ಟುವುದು. ಸಂಬಳಕ್ಕೆ ಜನ ಇಟ್ಟರೆ ಬಿದಿರಿಗಿಂತ ಕೂಲಿಯೇ ಜಾಸ್ತಿಯಾಗುತ್ತದೆ. ಮನೆಯವರೇ ಸಂಜೆ ಹೊತ್ತು ಅಷ್ಟಷ್ಟು ಮಾಡಿಕೊಂಡು ಹೋದರೆ ಹೆಚ್ಚು ಕಡಿಮೆ ಪುಕ್ಕಟೆ.

ಇಲ್ಲೊಂದು ಇಕ್ಕಟ್ಟಿದೆ. ಹಸಿ ಬಿದಿರು ಸಲೀಸಾಗಿ ಸೀಳುತ್ತದೆ, ಒಣಗಿದ್ದು ಹಟ ಮಾಡುತ್ತದೆ. ಆದರೆ ಹಸಿಯಾಗಿ ಕಟ್ಟಿದ ದಬ್ಬೆ ಒಣಗುತ್ತಾ ಸಪೂರವಾಗಿ ಕಟ್ಟು ಸಡಿಲವಾಗುತ್ತದೆ. ಹಾಗಾಗಿ ಹಸಿಯಲ್ಲಿ ಸೀಳಿ, ನೆರಳಿನಲ್ಲಿ ಎರಡು ಮೂರು ವಾರ ಒಣಗಿಸಿ, ಆಮೇಲೆ ಕಟ್ಟಿ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ. ಮೊಳೆಯೇ ಬೇಕು ಅಂದರೆ ಮೊದಲು ಡ್ರಿಲ್‌ನಿಂದ ತೂತು ಮಾಡಬೇಕು. ಕಟ್ಟಡದ ಕೆಲಸಕ್ಕೆ ಬಳಸುವ ಕಪ್ಪು ಬೈಂಡಿಂಗ್ ವೈರ್ ಒಂದೆರಡು ಮಳೆಗೆ ತುಕ್ಕು ಹಿಡಿದು ತುಂಡಾಗುತ್ತದೆ. ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಸತು ಲೇಪದ ಜಿಐ ತಂತಿ ತನ್ನಿ.

ಅಡಿಕೆ ತೋಟವಿದ್ದವರು ದಬ್ಬೆಗೆ ಬಿದಿರನ್ನೇ ಹುಡುಕಬೇಕಾಗಿಲ್ಲ. ಗಾಳಿಗೆ ಬಿದ್ದ ಹಳೆ ಅಡಿಕೆ ಮರವನ್ನು ಸೀಳಿ, ಒಳಗಿನ ಮೆದು ತಿರುಳು ಕೆತ್ತಿ ತೆಗೆದರೆ ಅದೇ ಒಳ್ಳೆಯ ದಬ್ಬೆ. ಆಗ ಬಿದಿರು ಗೂಟಕ್ಕೆ ಮತ್ತು ಅಡ್ಡಪಟ್ಟಿಗೆ ಮಾತ್ರ. 30 ಗಳದ ಬದಲು 11ರಲ್ಲಿ ಕೆಲಸ ಮುಗಿಯಿತು. ಎಳೆ ಮರ ಆರಿಸಬೇಡಿ, ಅದರ ಹೊರಕವಚ ಇನ್ನೂ ಗಟ್ಟಿಯಾಗಿರುವುದಿಲ್ಲ.

ತಡಿಕೆ

ಹೆಣೆದ ತಡಿಕೆ ನೋಡಲು ಎಲ್ಲಕ್ಕಿಂತ ಚೆಂದ. ಮೇದಾರರ ಕೈಯಲ್ಲಿ ಮಾಡಿಸಿದರಂತೂ ಹೇಳುವುದೇ ಬೇಡ. ಮೊಲದಿಂದ ದನದವರೆಗೆ ಯಾವುದಕ್ಕೂ ಸಂದಿಯಿಲ್ಲ. ಆದರೆ ಬಿದಿರು 40 ಗಳ ದಾಟುತ್ತದೆ, ಕೆಲಸ ದುಪ್ಪಟ್ಟು, ಹೆಣೆಯಲು ಬರಬೇಕು. ವಾಟೆ ಬಿದಿರು ಸಿಗುವ ಕಡೆ ಹೆಣಿಗೆಗೆ ಅದೇ ಒಳ್ಳೆಯದು. ಗೋಡೆ ತೆಳು, ಚೆನ್ನಾಗಿ ಬಾಗುತ್ತದೆ. ಗೂಟಕ್ಕೆ ಮಾತ್ರ ವಾಟೆ ಆಗದು.

ತರಕಾರಿಗೆ ತಡಿಕೆಯಿಂದ ಎರಡು ತೊಂದರೆ. ಮೊದಲನೆಯದು ನೆರಳು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮಲ್ಲಿ ಆಗ ನಡುಮಧ್ಯಾಹ್ನವೂ 4 ಅಡಿ ಬೇಲಿ ಉತ್ತರಕ್ಕೆ ಸುಮಾರು 3 ಅಡಿ ನೆರಳು ಚೆಲ್ಲುತ್ತದೆ. ತರಕಾರಿ ಜೋರಾಗಿರುವ ಕಾಲವೂ ಅದೇ, ಅಲ್ವಾ? ದಕ್ಷಿಣದ ಬದಿಗೆ ತಡಿಕೆ ಹಾಕಿದರೆ ಒಂದು ಇಡೀ ಮಡಿ ಬಿಸಿಲು ಕಳೆದುಕೊಳ್ಳುತ್ತದೆ. ಎರಡನೆಯದು ಗಾಳಿ. ಸಂದಿಯಿಲ್ಲದ ಬೇಲಿ ಗಾಳಿಯ ಪೂರ್ತಿ ಹೊಡೆತ ತಿನ್ನುತ್ತದೆ. ಮಳೆಗೆ ಮೆತ್ತಗಾದ ನೆಲದಲ್ಲಿ ಗೂಟ ಸಡಿಲಾಗಿ ಮಲಗಿಬಿಡುತ್ತದೆ. ಬಯಲುಸೀಮೆಯ ಆಷಾಢದ ಗಾಳಿಗೆ ಇದು ಬೇಡವೇ ಬೇಡ.

ಹಾಗಾಗಿ ತಡಿಕೆಯನ್ನು ಸುತ್ತಲೂ ಹಾಕುವ ಬದಲು ರಸ್ತೆಗೆ ಕಾಣುವ ಒಂದು ಬದಿಗೆ, ಅದೂ ಉತ್ತರದ ಬದಿಯಾದರೆ ಹಾಕಿ. ಬಾಗಿಲಿಗೂ ತಡಿಕೆ ಒಳ್ಳೆಯದು. ಆನ್‌ಲೈನಿನಲ್ಲಿ ಸಿಗುವ ಸಣ್ಣ ಕಡ್ಡಿಗಳ ಸುರುಳಿ ಬೇಲಿ ಬಾಲ್ಕನಿಗೆ ಸರಿ, ದನ ಆಡಿನ ಮುಂದೆ ನಿಲ್ಲುವುದಿಲ್ಲ.

ಬಿದಿರು ಗೂಟ, ಮೇಲೆ ಬಲೆ

ತುರ್ತಿಗೆ ಇದಕ್ಕಿಂತ ಸುಲಭ ಇಲ್ಲ. ಗೂಟ, ಮೇಲೊಂದು ಅಡ್ಡಪಟ್ಟಿ, ಸುತ್ತ ನೈಲಾನ್ ಬಲೆ. 10–11 ಗಳ ಸಾಕು. ಕರಾವಳಿಯಲ್ಲಿ ಹಳೆ ಮೀನುಬಲೆ ಸಿಕ್ಕರೆ ಬಲೆಯ ಖರ್ಚೂ ಹೆಚ್ಚಿಲ್ಲ. ಕೋಳಿಗೆ ಸಾಕಾಗುತ್ತದೆ. ಆಡು ಕೊಂಬು ಸಿಕ್ಕಿಸಿಕೊಂಡು ಎಳೆದು ಹರಿಯುತ್ತದೆ. ದನ ನಿಲ್ಲುವುದು ಬಲೆಯ ಬಲಕ್ಕಲ್ಲ, ಗೂಟ ಅಡ್ಡಪಟ್ಟಿ ಕಂಡು.

ನೈಲಾನ್ ಬಲೆಯ ಬಗ್ಗೆ ನನಗೊಂದು ತಕರಾರು. ಕೇರೆ ಹಾವು ತೂರಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲಾಗದೆ ಸಾಯುತ್ತದೆ. ಹೆಗ್ಗಣ, ಇಲಿ ತಿನ್ನುವುದು ಅದೇ. ಕಾಯುವವನನ್ನೇ ಕೊಂದ ಹಾಗಾಯಿತು. ನಾಗರಹಾವು ಸಿಕ್ಕಿಕೊಂಡರೆ ಬಿಡಿಸುವುದು ಇನ್ನೊಂದು ಪಜೀತಿ. ಬಲೆಯ ಬದಲು ಕೆಳಗಿನ ಎರಡು ಅಡಿಗೆ ಕೋಳಿ ಜಾಳಿಗೆ (ಸಣ್ಣ ಕಣ್ಣಿನ ತಂತಿ ಬಲೆ) ಹಾಕಿ, ಇನ್ನೂ ಅರ್ಧ ಅಡಿ ಜಾಸ್ತಿ ಬಿಟ್ಟು ಅದನ್ನು ಹೊರಮುಖವಾಗಿ ನೆಲದಲ್ಲಿ ಮಡಚಿ ಹುಗಿದರೆ ಮೊಲ, ತೋಡುವ ನಾಯಿ ಎರಡಕ್ಕೂ ತಡೆ. ಹೆಗ್ಗಣಕ್ಕೂ ಸ್ವಲ್ಪ ಕಷ್ಟವಾಗುತ್ತದೆ. ಮೇಲಿನ ಎರಡು ಅಡಿಗೆ ಎರಡು ಸಾಲು ಅಡ್ಡ ಗಳ. ಬಿದಿರು ಕಡಿಮೆ ಇದ್ದು ಕೈಯಲ್ಲಿ ಸ್ವಲ್ಪ ದುಡ್ಡಿರುವವರಿಗೆ ಈ ಅರ್ಧಂಬರ್ಧ ಬೇಲಿ ದಬ್ಬೆ ಬೇಲಿಗೆ ಒಳ್ಳೆಯ ಬದಲಿ.

ಚೈನ್‌ಲಿಂಕ್ ಹಾಕಿಬಿಡುವುದೇ?

ಜಾಗ ಸ್ವಂತದ್ದು, ಬೇಲಿಯ ಗೆರೆ ಇನ್ನು ಬದಲಾಗುವುದಿಲ್ಲ, ಮನೆಯಲ್ಲಿ ಕಟ್ಟುವ ಕೈಗಳಿಲ್ಲ ಅಂದರೆ ಹಾಕಿಬಿಡಿ. ಕಲ್ಲುಕಂಬಕ್ಕೆ ಒಳ್ಳೆಯ ಸತು ಲೇಪದ ಜಾಳಿಗೆ ಬಿಗಿದರೆ ಹತ್ತು ವರ್ಷ ದಾಟುತ್ತದೆ. ಕಡಲ ಹತ್ತಿರ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ಎರಡು ವರ್ಷಕ್ಕೊಮ್ಮೆ ಬಿದಿರು ಕೊಂಡು, ಕೂಲಿ ಕೊಟ್ಟು ಕಟ್ಟಿಸುವವರಿಗೆ ಲೆಕ್ಕ ಹಾಕಿದರೆ ಚೈನ್‌ಲಿಂಕ್ ಅಗ್ಗವೇ ಬೀಳುತ್ತದೆ. ಬಿದಿರು ಬೇಲಿ ಗೆಲ್ಲುವುದು ಸ್ವಂತ ಬಿದಿರು, ಸ್ವಂತ ಶ್ರಮ ಎರಡರಲ್ಲಿ ಒಂದಾದರೂ ಇದ್ದಾಗ. ಎರಡೂ ಇಲ್ಲದವರು ಆಸೆಗೆ ಬಿದಿರು ಬೇಲಿ ಕಟ್ಟಿಸಿದರೆ ಎರಡನೇ ಮಳೆಗೆ ಬೇಸರಪಡುತ್ತಾರೆ.

ಬಾಡಿಗೆ ಮನೆಯವರು, ಗೇಣಿಗೆ ಹಿತ್ತಿಲು ಹಿಡಿದವರು, ವರ್ಷ ವರ್ಷ ಮಡಿಯ ಜಾಗ ಬದಲಿಸುವವರಿಗೆ ಬಿದಿರೇ ಸರಿ. ಕಿತ್ತು ಬೇರೆ ಕಡೆ ನೆಡಬಹುದು. ಹಳೆಯದು ಒಲೆಗಾಗುತ್ತದೆ.

ಮೆಳೆಯನ್ನೇ ಬೇಲಿ ಮಾಡಿದರೆ?

ಇದನ್ನೂ ಕೆಲವರು ಕೇಳುತ್ತಾರೆ. ಹೆಬ್ಬಿದಿರಿನ ಮುಳ್ಳು ಮೆಳೆ ದಾಟುವುದು ಯಾರಿಗೂ ಸುಲಭವಲ್ಲ, ನಿಜ. 1791–92ರ ಯುದ್ಧದ ಕಾಲದಲ್ಲಿ ಶ್ರೀರಂಗಪಟ್ಟಣದ ಸುತ್ತ ಸೈನ್ಯವನ್ನೇ ತಡೆಯುವಂಥ ಮುಳ್ಳುಗಿಡಗಳ ದಟ್ಟ ಬೇಲಿ ಇತ್ತು. ಆದರೆ ತರಕಾರಿ ಮಡಿಯ ಪಕ್ಕ ಬಿದಿರು ನೆಟ್ಟರೆ ಬೇರು ನೀರು ಗೊಬ್ಬರ ಎಲ್ಲ ಎಳೆದುಕೊಳ್ಳುತ್ತದೆ, ನೆರಳು ಬೇರೆ. ಜಮೀನಿನ ಗಡಿಗೆ ನೆಡಿ, ಹಿತ್ತಿಲಿಗಲ್ಲ. ಹೊಸದಾಗಿ ನೆಡುವುದಾದರೆ ಮುಳ್ಳಿಲ್ಲದ, ಒಳಗೆ ಹೆಚ್ಚುಕಡಿಮೆ ಗಟ್ಟಿಯಾಗಿರುವ ಮಾರಿಹಾಳ ಬಿದಿರು ಬೇಲಿಯ ಕೆಲಸಕ್ಕೆ ಒಳ್ಳೆಯದು. ನರ್ಸರಿಯಲ್ಲಿ ವಿಚಾರಿಸಿ. ಗೂಟಕ್ಕೆ ಕಿರುಬಿದಿರೂ ಅಷ್ಟೇ ಒಳ್ಳೆಯದು, ಅದೂ ಗಟ್ಟಿ.

ಮೆಳೆಯಿಂದ ಕಡಿದ ಮುಳ್ಳುಕೊಂಬೆಯನ್ನು ಬಿಸಾಡಬೇಡಿ. ದಬ್ಬೆ ಬೇಲಿಯ ಹೊರಗೆ ಒತ್ತಿಟ್ಟರೆ ಆಡು ಹತ್ತಿರ ಸುಳಿಯುವುದಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಮಾತ್ರ ಬೇಡ.

ಬಿದಿರು ಎಲ್ಲಿಂದ, ಯಾವಾಗ

ಸ್ವಂತ ಮೆಳೆ ಇದ್ದರೆ ಮೂರು ನಾಲ್ಕು ವರ್ಷದ ಗಳ ಕಡಿಯಿರಿ. ಈ ವರ್ಷದ ಗಳ ನಯವಾಗಿ, ಹಸಿರಾಗಿ, ಬುಡದಲ್ಲಿ ಸಿಪ್ಪೆ ಅಂಟಿಕೊಂಡು ನೋಡಲು ಆಸೆ ಹುಟ್ಟಿಸುತ್ತದೆ. ಅದು ಒಣಗಿದರೆ ಮುರುಟುತ್ತದೆ, ಹುಳ ಬೇಗ ಹಿಡಿಯುತ್ತದೆ. ಬಣ್ಣ ಮಾಸಿ, ಮೇಲೆ ಕಲೆ ಬಂದ ಗಳವೇ ಬಲಿತದ್ದು. ಕಡಿಯುವ ಕಾಲ ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿ. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನನ್ನ ಮಟ್ಟಿಗೆ ತಿಥಿಗಿಂತ ತಿಂಗಳು ಮುಖ್ಯ.

ಕುಟ್ಟೆ ಹುಳಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಹೊಳೆ, ಕೆರೆ, ಹಳ್ಳದಲ್ಲಿ ಗಳಗಳನ್ನು ಕಲ್ಲು ಹೇರಿ ಮುಳುಗಿಸಿ ಒಂದರಿಂದ ಮೂರು ತಿಂಗಳು ಬಿಟ್ಟರೆ ಪಿಷ್ಟ ತೊಳೆದುಹೋಗುತ್ತದೆ. ನಾತ ಬರುತ್ತದೆ, ಸಹಿಸಿಕೊಳ್ಳಬೇಕು. ಇದು ಹುಳಕ್ಕೆ ಮದ್ದು. ಮಣ್ಣಿನಲ್ಲಿ ಕೊಳೆಯುವುದನ್ನು ತಡೆಯುವುದಿಲ್ಲ. ಬೋರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸುವ ಕ್ರಮ ಮನೆಯೊಳಗಿನ ಬಿದಿರಿಗೆ ಚೆನ್ನಾಗಿದೆ. ಬಯಲಿನ ಬೇಲಿಯಿಂದ ಅದು ಮಳೆಗೆ ತೊಳೆದು ಮಡಿಗೇ ಇಳಿಯುತ್ತದೆ. ಬೋರಾನ್ ಜಾಸ್ತಿಯಾದರೆ ಗಿಡಕ್ಕೆ ವಿಷ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬಳಿಯುವುದೂ ತಿನ್ನುವ ಸೊಪ್ಪಿನ ಪಕ್ಕ ಬೇಡ. ರಾಸಾಯನಿಕ ಉಪಚಾರ ಮಾಡಿದ ಗಳ ಕೊಳ್ಳುವುದಾದರೆ ಯಾವ ಔಷಧಿ ಅಂತ ಕೇಳಿ, ಆರ್ಸೆನಿಕ್ ಇರುವುದಾದರೆ ತರಬೇಡಿ.

ಕಾನೂನು ಎರಡು ಮಾತಿನಲ್ಲಿ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದರು. ಕಾಡಿನೊಳಗಿನದ್ದಕ್ಕೆ ಅದು ಅನ್ವಯವಾಗುವುದಿಲ್ಲ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಮೀಸಲು ಅರಣ್ಯದಿಂದ ತರುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಗಾಡಿಯಲ್ಲಿ ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಬೆಂಗಳೂರು, ಮೈಸೂರಿನವರಿಗೆ ಅಲ್ಲಲ್ಲಿನ ಬಂಬೂ ಬಜಾರ್ ಇದೆ. ಗಳವನ್ನು ನೆಲಕ್ಕೆ ಕುಟ್ಟಿ ನೋಡಿ ಕೊಳ್ಳಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳ ಆಗಲೇ ಒಳಗಿದೆ.

ಬಾಗಿಲು

ಬೇಲಿ ಎಷ್ಟೇ ಗಟ್ಟಿ ಇರಲಿ, ದನ ಬರುವುದು ಹೆಚ್ಚಾಗಿ ಬಾಗಿಲಿನಿಂದ. ದನ ಮಾತ್ರ ಇರುವಲ್ಲಿ ಉಣಗೋಲು ಸಾಕು. ತೂತಿರುವ ಎರಡು ಕಂಬ, ಅದರೊಳಗೆ ಜಾರುವ ಮೂರು ಗಳ. ಬಿಜಾಗರಿ ಬೇಡ, ಮುರಿದರೆ ಒಂದು ಗಳ ಬದಲಿಸಿದರಾಯಿತು. ತಲೆ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಬರುವವರಿಗೆ ಮಾತ್ರ ಗಳ ಸರಿಸುವುದು ಕಿರಿಕಿರಿ. ಸರಿಸಿದವರು ವಾಪಸ್ ಹಾಕುವುದು ಮರೆತರೆ ಕಥೆ ಮುಗಿಯಿತು. ಕೋಳಿ, ನಾಯಿ ಇರುವಲ್ಲಿ ಮೂರಡಿಯ ತಡಿಕೆ ಬಾಗಿಲು ಮಾಡಿ, ಒಂದು ಬದಿ ದಪ್ಪ ತಂತಿಯ ಬಳೆಯಲ್ಲಿ ಗೂಟಕ್ಕೆ ಸಿಕ್ಕಿಸಿ. ಒಳಮುಖವಾಗಿ ತೆರೆಯದೆ ಹೊರಮುಖವಾಗಿ ತೆರೆಯುವ ಹಾಗಿದ್ದರೆ ದನ ನೂಕಿದರೂ ಅದು ಮುಚ್ಚಿಯೇ ಇರುತ್ತದೆ.

ಬೇಲಿಗೆ ಬಸಳೆ, ಹೀರೆ, ಹಾಗಲ ಹಬ್ಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಬ್ಬಿಸಬಹುದು. ಎಲೆ ಮುಚ್ಚಿದ ಕಡೆ ಬಿದಿರು ಒಣಗದೆ ಬೇಗ ಕೊಳೆಯುತ್ತದೆ ಅನ್ನುವುದು ಗೊತ್ತಿರಲಿ. ನಾನಾದರೆ ಕಲ್ಲುಕಂಬ ಇರುವ ಒಂದು ಬದಿಗೆ ಬಳ್ಳಿ ಬಿಟ್ಟು, ಉಳಿದ ಮೂರು ಬದಿ ಗಾಳಿಯಾಡಲು ಬಿಡುತ್ತೇನೆ.

ಇದನ್ನು ಓದುವ ಹೊತ್ತಿಗೆ ಮಳೆ ಶುರುವಾಗಿದ್ದರೆ ಮೆಳೆಗೆ ಕತ್ತಿ ಹಾಕಬೇಡಿ, ಈಗ ಕಳಲೆ ಏಳುವ ಕಾಲ. ಈ ಮಳೆಗಾಲಕ್ಕೆ ಹತ್ತು ಗಳ ಕೊಂಡು ಗೂಟ ಮಾಡಿ, ಕೋಳಿ ಜಾಳಿಗೆ ಕಟ್ಟಿ. ಪ್ರತಿ ಗೂಟದ ಪಕ್ಕ ಒಂದೊಂದು ಗೊಬ್ಬರ ಗಿಡದ ಕೋಲು ನೆಡಿ. ದೀಪಾವಳಿ ಕಳೆದ ಮೇಲೆ ಬಲಿತ ಗಳ ಕಡಿದು, ನೀರಿಗೆ ಹಾಕಿ, ತೆಗೆದು ಸೀಳಿ ಒಣಗಿಸಿಟ್ಟರೆ ಬೇಸಿಗೆಯಲ್ಲಿ ಪುರುಸೊತ್ತಾದಾಗ ದಬ್ಬೆ ಕಟ್ಟಬಹುದು.